ನಾನು ಸೇರಿಸಿದ ಹಕಾರ

ನಮ್ಮ ಕಡೆಯವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹೂವು ಊವಾಗುತ್ತದೆ, ಹೋಗು ಅನ್ನಬೇಕಾದವರು ಓಗು ಅನ್ನುತ್ತಾರೆ. ಬಂಗಾರಪೇಟೆಯ ಪಕ್ಕದ ಹಳ್ಳಿಯಲ್ಲಿ ಹುಟ್ಟಿದ ನನಗೆ ಮೀಸೆ ಬಂದು ಎಷ್ಟೋ ಕಾಲದವರೆಗೆ ಇದೊಂದು ಕೊರತೆ ಎಂದು ಗೊತ್ತೇ ಇರಲಿಲ್ಲ. ಅದನ್ನು ತಿಳಿಸಿಕೊಟ್ಟಿದ್ದು ಒಂದು ಹಸು.

ಆಗ ನಾನು ಬೆಂಗಳೂರಿನ ಒಂದು ಕನ್ನಡ ದಿನಪತ್ರಿಕೆಗೆ ಹೊಸದಾಗಿ ಸೇರಿದ್ದ ಅರೆಕಾಲಿಕ ವರದಿಗಾರ. ಸುದ್ದಿಯನ್ನು ಕಾಗದದ ಒಂದೇ ಮಗ್ಗುಲಲ್ಲಿ ಬರೆದು, ಕವರಿಗೆ ಹಾಕಿ, ಮಾರಿಕುಪ್ಪಂನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಓಡಾಡುತ್ತಿದ್ದ ಪರಿಚಯದವರ ಕೈಗೆ ಕೊಡುವುದು ನಮ್ಮ ಕ್ರಮ. ಅವಸರದ ಸುದ್ದಿಯಾದರೆ ಬಂಗಾರಪೇಟೆ ನಿಲ್ದಾಣದ ಎದುರಿನ ಎಸ್‌ಟಿಡಿ ಬೂತಿನಿಂದ ಫೋನಿನಲ್ಲಿ ಹೇಳಬೇಕು, ಆ ಕಡೆ ಉಪಸಂಪಾದಕರು ಬರೆದುಕೊಳ್ಳುತ್ತಿದ್ದರು. ಒಂದು ಸಂಜೆ ನಾನು ಗಂಟಲು ಸರಿಮಾಡಿಕೊಂಡು, ಪತ್ರಿಕೆಯ ಗತ್ತಿನಲ್ಲೇ, "ರೈಲಿಗೆ ಸಿಕ್ಕಿ ಅಸು ಅಸುನೀಗಿದೆ" ಎಂದೆ.

"ಯಾರ ಅಸು?" ಎಂದರು ಉಪಸಂಪಾದಕರು.

"ಅಸುವಿನ ಅಸು ಸಾರ್."

ಆ ಕಡೆ ಫೋನನ್ನು ಮೇಜಿನ ಮೇಲಿಟ್ಟು ನಕ್ಕ ಸದ್ದು ಕೇಳಿಸಿತು. ಅವರೊಬ್ಬರೇ ನಗಲಿಲ್ಲ, ಇಡೀ ಡೆಸ್ಕು ನಕ್ಕಿತು. ಮುಂದೆ ನಾನು ಯಾವುದಾದರೂ ಸಭೆಗೆಂದು ಬೆಂಗಳೂರಿಗೆ ಹೋದಾಗಲೆಲ್ಲ, "ಬಂದರಪ್ಪ ಅಸು ವರದಿಗಾರರು" ಎಂದು ಕುರ್ಚಿ ಎಳೆದು ಕೊಡುತ್ತಿದ್ದರು. ಕೆಟ್ಟ ಮನಸ್ಸಿನಿಂದ ಅಂದ ಮಾತಲ್ಲ. ಆದರೂ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವತ್ತಿನಿಂದ ನಾನು ಹಕಾರದ ಹಿಂದೆ ಬಿದ್ದೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು, ಉಸಿರು ತಾಗುತ್ತದೆಯೇ ಎಂದು ನೋಡುತ್ತಾ, ಹಾಲು, ಹಣ್ಣು, ಹಗ್ಗ ಎಂದು ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ನನ್ನದು ಹೋಯಿತು, ಆದರೆ ಹೋಗಬಾರದಷ್ಟು ದೂರ ಹೋಯಿತು. ಹಕಾರ ಇಲ್ಲದ ಕಡೆಗೂ ಹಾಕಲು ಶುರುಮಾಡಿದೆ. ಮದುವೆಯಾದ ಹೊಸತರಲ್ಲಿ ಒಂದು ಬೆಳಗ್ಗೆ ಹೆಂಡತಿಗೆ ಹಕ್ಕಿ ರೊಟ್ಟಿ ಮಾಡು ಎಂದುಬಿಟ್ಟೆ. ಅವಳು ಕೆಜಿಎಫ್‌ನ ಉರಿಗಾಂನಲ್ಲಿ ಗಣಿ ಕಾರ್ಮಿಕರ ಮನೆಯಲ್ಲಿ ಬೆಳೆದವಳು, ತಮಿಳು ಮಾಧ್ಯಮದಲ್ಲಿ ಓದಿದವಳು, ಕನ್ನಡ ಅವಳಿಗೆ ಬೀದಿಯಲ್ಲಿ ಕಲಿತ ಭಾಷೆ. "ಅಕ್ಕಿ ರೊಟ್ಟಿ ಆದ್ರೆ ಈಗ್ಲೇ ಮಾಡ್ತೀನಿ. ಹಕ್ಕಿ ರೊಟ್ಟಿಗೆ ನೀವೇ ಓಗಿ ಇಡ್ಕೊಂಡು ಬನ್ನಿ" ಎಂದಳು. ಇವತ್ತಿಗೂ ಆ ಮಾತನ್ನು ಬಿಟ್ಟಿಲ್ಲ.

ಬರವಣಿಗೆಯಲ್ಲಿ ಮಾತ್ರ ನಾನು ಗೆದ್ದಿದ್ದೆ. ನಮ್ಮ ಜನ ಏನೇ ಹೇಳಲಿ, ಅದಕ್ಕೆ ಬಿಟ್ಟುಹೋದ ಹಕಾರಗಳನ್ನೆಲ್ಲ ತುಂಬಿ, ಚೆನ್ನಾಗಿ ಇಸ್ತ್ರಿ ಮಾಡಿ ಪತ್ರಿಕೆಗೆ ಕಳಿಸುತ್ತಿದ್ದೆ. ಕೂಲಿ ಹೆಂಗಸು "ನೀರು ಬತ್ತಿಲ್ಲ, ಎಲ್ಲಿಗ್ ಓಗಾನ" ಎಂದರೆ, ನನ್ನ ವರದಿಯಲ್ಲಿ "ನೀರು ಬರುತ್ತಿಲ್ಲ, ನಾವು ಎಲ್ಲಿಗೆ ಹೋಗೋಣ ಎಂದು ಪ್ರಶ್ನಿಸಿದರು" ಎಂದಿರುತ್ತಿತ್ತು. ಬೆಂಗಳೂರಿನವರು ನನ್ನನ್ನು ನೋಡಿ ನಕ್ಕ ಹಾಗೆ ನಮ್ಮವರನ್ನು ನೋಡಿ ನಗಬಾರದು ಎಂಬುದು ನನ್ನ ಲೆಕ್ಕ. ಇದು ನಾನು ನಮ್ಮ ಜನಕ್ಕೆ ಮಾಡುವ ಉಪಕಾರ ಎಂದೇ ನಂಬಿದ್ದೆ. ಅವರ ಮಾತಿಗೆ ನಾನೇ ನಾಚುತ್ತಿದ್ದೆ ಎಂಬುದನ್ನು ಒಪ್ಪಿಕೊಳ್ಳಲು ಬಹಳ ವರ್ಷ ಬೇಕಾಯಿತು.

ಕಾಲ ಬದಲಾಯಿತು. ಕವರ್ ಹೋಗಿ ಫ್ಯಾಕ್ಸ್ ಬಂತು, ಫ್ಯಾಕ್ಸ್ ಹೋಗಿ ಇ-ಮೇಲ್ ಬಂತು, ಅದೂ ಹಳೆಯದಾಗಿ ವಾಟ್ಸ್‌ಆ್ಯಪ್ ಗುಂಪು ಬಂತು. ನಮ್ಮ ಜಿಲ್ಲೆಗೆ ಮೀಸಲಿದ್ದ ಪುಟ ಅರ್ಧವಾಯಿತು, ಅರ್ಧ ಹೋಗಿ ಎರಡು ಕಾಲಂ ಆಯಿತು. ಕೊನೆಗೆ ಪತ್ರಿಕೆಯವರು, ಇನ್ನು ಮೇಲೆ ಬರವಣಿಗೆ ಕಡಿಮೆ ಮಾಡಿ, ವಿಡಿಯೊ ಕಳಿಸಿ ಎಂದರು. ಅದಕ್ಕೆ ಆನ್‌ಲೈನ್‌ನಲ್ಲಿ ತರಬೇತಿಯೂ ಆಯಿತು. ಹೇಳಿಕೊಟ್ಟವಳು ನನ್ನ ಮಗಳ ವಯಸ್ಸಿನ ಹುಡುಗಿ, ಬಹಳ ಮರ್ಯಾದೆಯಿಂದ ಹೇಳಿಕೊಟ್ಟಳು. ಫೋನನ್ನು ನಿಲ್ಲಿಸಿ ಹಿಡಿಯಬೇಕು ಸರ್, ಮಲಗಿಸಬಾರದು. ಮೊದಲ ಮೂರು ಸೆಕೆಂಡಿನಲ್ಲಿ ನೋಡುವವರನ್ನು ಹಿಡಿಯಬೇಕು. ಮೂವತ್ತು ಸೆಕೆಂಡಿನ ಒಳಗೆ ಮುಗಿಸಬೇಕು. ಜನ ಬಸ್ಸಿನಲ್ಲಿ, ಆಫೀಸಿನಲ್ಲಿ ದನಿ ಮುಚ್ಚಿಕೊಂಡು ನೋಡುತ್ತಾರೆ, ಅದಕ್ಕೆ ಮಾತನ್ನೆಲ್ಲ ಕೆಳಗೆ ಅಕ್ಷರದಲ್ಲಿ ಕೊಡಬೇಕು.

ಆ ಅಕ್ಷರ ಹಾಕುವುದಕ್ಕೂ ಫೋನಿನಲ್ಲೇ ಒಂದು ಆ್ಯಪ್ ಇತ್ತು. ಮಾತು ಕೇಳಿಸಿದರೆ ಅದೇ ಬರೆದುಕೊಡುತ್ತದೆ, ತಪ್ಪಿದ್ದರೆ ನಾವು ತಿದ್ದಬೇಕು. ನಮ್ಮ ಸೀಮೆಯ ಕನ್ನಡ ಕೇಳಿ ಅದು ಬರೆಯುತ್ತಿದ್ದುದನ್ನು ನೋಡಿದರೆ ನಗು ಬರುತ್ತಿತ್ತು. ನಡುವೆ ತೆಲುಗು, ಕೊನೆಯಲ್ಲಿ ತಮಿಳು ಬಂದರೆ ಪಾಪ ಅದಾದರೂ ಏನು ಮಾಡೀತು? ನಾನು ಕನ್ನಡಕ ಏರಿಸಿಕೊಂಡು ತಿದ್ದುತ್ತಾ ಕೂರುತ್ತಿದ್ದೆ. ಮೊದಲು ನಾನು ಬರೆದದ್ದನ್ನು ಉಪಸಂಪಾದಕರು ನೋಡುತ್ತಿದ್ದರು, ಅವರು ನೋಡಿದ್ದನ್ನು ಕರಡು ತಿದ್ದುವವರು ನೋಡುತ್ತಿದ್ದರು. ಈಗ ಆ ಮೂವರೂ ನಾನೇ. ನಗುವುದಕ್ಕೂ ಆ ಕಡೆ ಯಾರೂ ಇರಲಿಲ್ಲ.

ಹೀಗಿರುವಾಗ ಹೋದ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಬೇತಮಂಗಲದ ಕಡೆಯ ಹಳ್ಳಿಯೊಂದರಿಂದ ಪರಿಚಯದವರೊಬ್ಬರು ಫೋನು ಮಾಡಿದರು. ಅಲ್ಲಿನ ಶಾಲೆಯಲ್ಲಿ ಎರಡನೇ ತರಗತಿಯ ಹುಡುಗಿಗೆ ಹಣೆ ಸೀಳಿದೆ, ಹೊಲಿಗೆ ಹಾಕಿಸಲು ಕರೆದುಕೊಂಡು ಹೋಗಿದ್ದಾರೆ, ಬೇಗ ಬನ್ನಿ ಎಂದರು. ನಾನು ಸ್ಕೂಟರ್ ತೆಗೆದೆ.

ನಾನು ಹೋಗುವ ಹೊತ್ತಿಗೆ ಮುಖ್ಯೋಪಾಧ್ಯಾಯಿನಿ ಹುಡುಗಿಯೊಂದಿಗೆ ಆಸ್ಪತ್ರೆಯಲ್ಲಿದ್ದರು. ಗೇಟಿನ ಬಳಿ ಹತ್ತಾರು ಜನ ಸೇರಿದ್ದರು. ಬಿಸಿಯೂಟದ ಅಡುಗೆಮನೆಯ ಮೆಟ್ಟಿಲ ಮೇಲೆ ಅಡುಗೆಯಾಕೆ ಕೂತಿದ್ದಳು. ಐವತ್ತರ ಆಸುಪಾಸಿನ ಹೆಂಗಸು, ಕೈಯಲ್ಲಿ ಪೊರಕೆ ಹಾಗೇ ಇತ್ತು. ಜಗಲಿಯ ಮೇಲೆ ನೀರು ಇನ್ನೂ ಆರಿರಲಿಲ್ಲ, ಗುಡಿಸಿದ ಮಡಿಕೆಯ ಚೂರುಗಳು ಒಂದು ಮೂಲೆಯಲ್ಲಿ ಬಿದ್ದಿದ್ದವು. ಇದನ್ನೆಲ್ಲ ನಾನು ಕಣ್ಣಾರೆ ಕಂಡೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ತಪ್ಪಿಸಿಕೊಳ್ಳಲು ದಾರಿ ಇರಬಾರದು.

ಫೋನನ್ನು ನಿಲ್ಲಿಸಿ ಹಿಡಿದು, "ಏನಾಯ್ತಮ್ಮಾ?" ಎಂದು ಕೇಳಿದೆ.

ಅವಳು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. "ನಾನೇ ಒಡೆದ್ಬಿಟ್ಟೆ ಸಾರ್, ನಂದೇ ತಪ್ಪು" ಎಂದಳು. ಆಮೇಲೆ ಬಿಕ್ಕುತ್ತಾ ಉಳಿದದ್ದನ್ನೂ ಹೇಳಿದಳು. "ಟ್ಯಾಂಕಿ ನೀರು ಬಿಸಿ ಆಗ್ತದೆ, ಮಕ್ಳು ಕುಡಿಯಕಾಗಲ್ಲ ಅಂತ ನಮ್ಮನೆ ಮಡಿಕೆ ತಂದಿಟ್ಟಿದ್ದೆ. ಎತ್ತಿಡೋವಾಗ ಕೈ ಜಾರ್ತು. ಪೊರಕೆ ತರನ ಅಂತ ಒಳಕ್ಕ್ ಓದೆ. ಅಷ್ಟರಾಗೆ ಆ ಕೂಸು ಓಡ್ಬಂದು ಚೂರಿನ್ ಮೇಲೇ ಬಿದ್ಬಿಡ್ತು."

ಬೇತಮಂಗಲದ ಬಸ್ ನಿಲ್ದಾಣದ ಪಕ್ಕದ ಟೀ ಅಂಗಡಿಯಲ್ಲಿ ಕೂತು ವಿಡಿಯೊ ಕತ್ತರಿಸಿದೆ. ಬೇರೆ ಯಾರಾದರೂ ಮೊದಲು ಹಾಕಿಬಿಟ್ಟಾರು ಎಂಬ ಆತುರ. ಅವಳ ಮಾತೆಲ್ಲ ಸೇರಿ ಒಂದು ನಿಮಿಷದ ಮೇಲಿತ್ತು. ಮೊದಲ ಮೂರು ಸೆಕೆಂಡಿಗೆ ಅವಳ ಅಳುವ ಮುಖ ಇಟ್ಟೆ. ಆಮೇಲೆ "ನಾನೇ ಒಡೆದ್ಬಿಟ್ಟೆ ಸಾರ್, ನಂದೇ ತಪ್ಪು." ಅದರ ಹಿಂದೆ ಗೇಟಿನ ಬಳಿ ಕೂಗಾಡುತ್ತಿದ್ದ ಜನ. ಅಷ್ಟಕ್ಕೇ ಮೂವತ್ತು ಸೆಕೆಂಡು ತುಂಬಿತು. ಮಡಿಕೆ ಹೊರಗೆ ಉಳಿಯಿತು.

ಆ್ಯಪ್ ಅಕ್ಷರ ಬರೆದುಕೊಟ್ಟಿತು. "ನಾನೇ ಒಡೆದು ಬಿಟ್ಟೆ ಸರ್ ನಂದೇ ತಪ್ಪು." ಯಾವತ್ತೂ ಸರಿಯಾಗಿ ಬರೆಯದ ಆ ಯಂತ್ರ ಅವತ್ತು ಒಂದಕ್ಷರವೂ ತಪ್ಪದೆ ಬರೆದಿತ್ತು. ನಾನು ಅದನ್ನು ನೋಡಿದೆ. ಪಾಪ, ಇದಕ್ಕೆ ನಮ್ಮವರು ಹಕಾರ ನುಂಗುವುದು ಗೊತ್ತಿಲ್ಲ ಎಂದುಕೊಂಡೆ. ಬೆರಳು ತಾನಾಗಿಯೇ ಹೋಯಿತು. ಒ ಅಳಿಸಿ ಹೊ ಹಾಕಿದೆ. "ನಾನೇ ಹೊಡೆದುಬಿಟ್ಟೆ, ನನ್ನದೇ ತಪ್ಪು." ಮೇಲೆ "ವಿದ್ಯಾರ್ಥಿನಿಯ ಹಣೆಗೆ ಹೊಲಿಗೆ: ಅಡುಗೆಯಾಕೆ ಹೇಳಿದ್ದೇನು?" ಎಂದು ತಲೆಬರಹ ಕೊಟ್ಟು, ಟೀ ಮುಗಿಯುವುದರೊಳಗೆ ಪತ್ರಿಕೆಯ ಆನ್‌ಲೈನ್ ಪುಟಕ್ಕೆ ನಾನೇ ಹಾಕಿಬಿಟ್ಟೆ.

ಕೈಗೆ ಅಭ್ಯಾಸವಾಗಿಹೋಗಿತ್ತು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ನಿಜವೂ ಹೌದು. ಆದರೆ ಚೂರುಗಳನ್ನು ನೋಡಿದ ಕಣ್ಣುಗಳು ಆ ಕೈಯ ಮೇಲೆಯೇ ಇದ್ದವಲ್ಲ, ಅವೇನು ಮಾಡುತ್ತಿದ್ದವು?

ಮದುವೆಯಾದ ಮೇಲೆ ನಾನೂ ನೆಲೆಸಿದ್ದ ಉರಿಗಾಂನ ಮನೆಗೆ ಬಂದು ಊಟಕ್ಕೆ ಕೂರುವ ಹೊತ್ತಿಗೆ ಫೋನು ಬಡಿದುಕೊಳ್ಳಲು ಶುರುವಾಗಿತ್ತು. ನಮ್ಮ ವರದಿಗಾರರ ಗುಂಪಿನಲ್ಲಿ ಆ ತರಬೇತಿಯ ಹುಡುಗಿ "ಕೆಜಿಎಫ್ ಸರ್ ಸೂಪರ್" ಎಂದು ಹಾಕಿ ಮೂರು ಹೆಬ್ಬೆರಳು ಎತ್ತಿದ್ದಳು. ಡೆಸ್ಕಿನಿಂದ ಫೋನು ಬಂತು. ಇಷ್ಟು ವರ್ಷಗಳಲ್ಲಿ ಡೆಸ್ಕಿನವರು ತಾವಾಗಿ ಫೋನು ಮಾಡಿ ಚೆನ್ನಾಗಿದೆ ಅಂದಿದ್ದು ಅದೇ ಮೊದಲು. ನೋಡಿದವರ ಸಂಖ್ಯೆ ಕಣ್ಣೆದುರಿಗೇ ಏರುತ್ತಿತ್ತು. ನಾನು ಮುದ್ದೆ ಮುರಿಯುತ್ತಾ ಎಡಗೈಯಲ್ಲಿ ಫೋನು ಹಿಡಿದು ನೋಡುತ್ತಿದ್ದೆ. ಸುಳ್ಳು ಹೇಳುವುದಿಲ್ಲ, ಖುಷಿಯಾಗಿತ್ತು. ಅಸು ವರದಿಗಾರ ಕಡೆಗೂ ಗೆದ್ದ ಎನ್ನಿಸಿತ್ತು.

ಹೆಂಡತಿ ಸಾರು ಬಡಿಸಿ, ತನ್ನ ಫೋನಿನಲ್ಲಿ ಅದೇ ವಿಡಿಯೊ ಹಾಕಿದಳು. ಅವಳಿಗೆ ಕನ್ನಡ ಅಕ್ಷರ ಓದಲು ಹೊತ್ತು ಬೇಕು, ಆದ್ದರಿಂದ ಕೆಳಗೆ ಬರೆದಿದ್ದನ್ನು ನೋಡದೆ ದನಿ ಕೇಳಿಸಿಕೊಂಡಳು. ಕೇಳಿಸಿಕೊಂಡು, "ಅಯ್ಯೋ ಪಾವಂ, ಇಂಗ್ ಅಳ್ತಾವ್ಳಲ್ಲ. ಏನ್ ಒಡೆದ್ಬಿಟ್ಳಂತ್ರೀ?" ಎಂದಳು.

"ಮಡಿಕೆ" ಎಂದೆ.

ಆ ಮಾತು ನನ್ನ ಬಾಯಿಂದ ಬಿದ್ದ ಕೂಡಲೇ ಮುರಿದ ತುತ್ತನ್ನು ತಟ್ಟೆಗೆ ಬಿಟ್ಟೆ. ಫೋನು ಎತ್ತಿ ನೋಡಿದೆ. ಹೊಡೆದುಬಿಟ್ಟೆ. ಹೆಂಡತಿ ಇನ್ನೊಂದು ಸೌಟು ಸಾರು ಹಾಕಿ, ಫೋನು ಇಟ್ಟು ತಿನ್ನಿ ಎಂದಳು.

ಇಲ್ಲಿಂದ ಮುಂದಿನದನ್ನು ಬರೆಯಲು ಕೈ ಬರುವುದಿಲ್ಲ. ಆ ಹೊತ್ತಿನಲ್ಲಿ ವಿಡಿಯೊ ತೆಗೆದುಹಾಕುವುದು ಕಷ್ಟದ ಕೆಲಸವೇನೂ ಆಗಿರಲಿಲ್ಲ. ಬೆರಳಿನಿಂದ ಎರಡು ಸಲ ಒತ್ತಿದ್ದರೆ ಸಾಕಿತ್ತು, ಅದನ್ನೂ ಅದೇ ತರಬೇತಿಯಲ್ಲಿ ಕಲಿಸಿದ್ದರು. ನಾನು ಒತ್ತಲಿಲ್ಲ. ಊಟ ಮುಗಿಸಿ ತೆಗೆಯೋಣ ಎಂದುಕೊಂಡೆ. ಊಟವಾದ ಮೇಲೆ, ಡೆಸ್ಕಿನವರನ್ನು ಒಂದು ಮಾತು ಕೇಳಿ ತೆಗೆಯೋಣ ಎಂದುಕೊಂಡೆ. ಕೇಳಲು ಫೋನು ಮಾಡಿದವನು, ಅವರು ಇನ್ನೊಂದು ಸಲ ಹೊಗಳಿದ ಮೇಲೆ, ಸರಿ ಸರ್ ಎಂದು ಇಟ್ಟೆ. ಸಂಜೆಗೆ ಯಾರ‍್ಯಾರೋ ಆ ತುಣುಕನ್ನು ತಮ್ಮದೇ ಎಂಬಂತೆ ಹಾಕಿಕೊಂಡಿದ್ದರು. ಕೆಲವರು ಅದಕ್ಕೆ ದುಃಖದ ಸಂಗೀತವನ್ನೂ ಸೇರಿಸಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಹೆಂಗಸು ಆಡಿದ ಮಾತು ಸರಿಯಾಗೇ ಇತ್ತು, ಒಡೆದದ್ದು ಬರೀ ಮಡಿಕೆ. ಹಾಳು ಮಾಡಿದವನು ನಾನು.

ಮಾರನೆಯ ಬೆಳಗ್ಗೆ ಎದ್ದ ಕೂಡಲೇ ತೆಗೆದುಹಾಕಿದೆ. ಅವಳ ಪೂರ್ತಿ ಮಾತು ಇರುವ ವಿಡಿಯೊ ಹಾಕಿ, ನಿನ್ನೆ ಬರೆದದ್ದರಲ್ಲಿ ಅಕ್ಷರ ತಪ್ಪಾಗಿತ್ತು ಎಂದು ಕೆಳಗೆ ಸೇರಿಸಿದೆ. ಮಡಿಕೆ ಒಡೆದ ಸುದ್ದಿಯನ್ನು ಯಾರು ನೋಡುತ್ತಾರೆ? ನಮ್ಮ ಗುಂಪಿನವರೇ ನೋಡಲಿಲ್ಲ. ಡೆಸ್ಕಿನವರು, "ತೆಗೆದಿದ್ದೀರಲ್ಲ, ಸಾಕು ಬಿಡಿ, ಮತ್ತೆ ಯಾಕೆ ಕೆದಕುತ್ತೀರಿ" ಎಂದರು. ಹಿಂದೆ ಕಾಗದದ ಪತ್ರಿಕೆಯಲ್ಲಿ ತಪ್ಪಾದರೆ ಮಾರನೆಯ ದಿನ ಅದೇ ಪುಟದಲ್ಲಿ ವಿಷಾದಿಸುತ್ತೇವೆ ಎಂದು ಅಚ್ಚಾಗುತ್ತಿತ್ತು. ಸಣ್ಣ ಅಕ್ಷರದಲ್ಲೇ ಆಗಲಿ, ತಪ್ಪು ಓದಿದವರೇ ಅದನ್ನೂ ಓದುತ್ತಿದ್ದರು. ಈಗ ತಪ್ಪು ಊರೆಲ್ಲ ಸುತ್ತುತ್ತದೆ, ತಿದ್ದುಪಡಿ ಮನೆಯಲ್ಲೇ ಕೂತಿರುತ್ತದೆ.

ಅಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು. ಹಿಂದಿನ ಸಂಜೆಯೇ ಬೇರೆ ಮಕ್ಕಳ ಪೋಷಕರು ಬಂದು, ಮಕ್ಕಳ ಮೇಲೆ ಕೈ ಮಾಡುವವಳು ಬೇಡವೇ ಬೇಡ ಎಂದು ಶಾಲೆಯ ಮುಂದೆ ನಿಂತಿದ್ದರಂತೆ. ಶಾಲೆಯವರು ನಾಳೆಯಿಂದ ಬರಬೇಡ ಎಂದು ಅವಳಿಗೆ ಹೇಳಿ ಕಳಿಸಿದರಂತೆ. ನಾನು ಪೂರ್ತಿ ವಿಡಿಯೊ ತೆಗೆದುಕೊಂಡು ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯಿನಿ ಅದನ್ನು ಎರಡು ಸಲ ನೋಡಿದರು. ಹಣೆಗೆ ಪಟ್ಟಿ ಕಟ್ಟಿಕೊಂಡ ಹುಡುಗಿಯೂ ಜಾರಿ ಬಿದ್ದೆ ಅಂತಲೇ ಹೇಳಿದ್ದಾಳೆ ಸಾರ್, ಅವಳ ಅಮ್ಮನೂ ಬಂದು ಹೇಳಿದಳು, ಆದರೆ ಫೋನಿನಲ್ಲಿ ಬಂದಿದ್ದರ ಮುಂದೆ ಯಾರು ಕೇಳುತ್ತಾರೆ ಎಂದರು. ಅಡುಗೆಗೆ ಬೇರೆಯವರನ್ನು ಆಗಲೇ ಗೊತ್ತುಮಾಡಿದ್ದರು. ಫೋನು ವಾಪಸು ಕೊಡುವಾಗ, "ಇದನ್ನೇ ಮೊದಲು ಹಾಕಿದ್ರೆ ಆಗ್ತಿರಲಿಲ್ವಾ ಸಾರ್?" ಎಂದರು. ಕೋಪ ಇರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ನನಗೆ ಸಲೀಸಾಗುತ್ತಿತ್ತು.

ಅವಳ ಮನೆಗೆ ಹೋಗಲು ನನಗೆ ಇನ್ನೂ ಎಂಟು ದಿನ ಬೇಕಾಯಿತು. ದಿನವೂ ಸ್ಕೂಟರ್ ತೆಗೆಯುವುದು, ಬೇತಮಂಗಲದ ರಸ್ತೆ ಬಂದ ಕೂಡಲೇ ಬಂಗಾರಪೇಟೆಯ ಕಡೆ ತಿರುಗಿಸುವುದು. ಕೊನೆಗೆ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಸ್ಕೂಟರಿನ ಬೀಗದ ಕೈ ತಂದು ಕೊಟ್ಟು, "ಓಗ್ಬನ್ನಿ" ಎಂದಳು. ಹಕ್ಕಿ ರೊಟ್ಟಿಯ ಮಾತು ಅವತ್ತು ಎತ್ತಲಿಲ್ಲ.

ಅಡುಗೆಯಾಕೆ ಮನೆಯ ಮುಂದೆ ಗೋಣಿ ಹಾಸಿಕೊಂಡು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಶಾಲೆಯ ಕೆಲಸ ಹೋದ ಮೇಲೆ ಹಿಡಿದ ಕೂಲಿ. ನನ್ನನ್ನು ನೋಡಿ ಗುರುತು ಹಿಡಿದಳು, ಎದ್ದು ನಿಂತಳು. ನಾನು ಕೂತುಕೋ ಎಂದರೂ ಕೂರಲಿಲ್ಲ. ನಾನೇ ಗೋಣಿಯ ಅಂಚಿನಲ್ಲಿ ಕೂತೆ, ಆಗ ಅವಳೂ ಕೂತಳು. ನನ್ನದು ತಪ್ಪಾಯಿತಮ್ಮಾ ಎಂದು ಶುರುಮಾಡಿದೆ.

"ನಾನು ಮಡಿಕೆ ಅಂತ ಯೋಳಿದ್ದೆ ಸಾರ್. ನೀವೂ ಇದ್ರಲ್ಲ ಅಲ್ಲಿ" ಎಂದಳು.

"ನೀನು ಹೇಳಿದ್ದೆ. ನಾನು ಬರೆದದ್ದು ತಪ್ಪು."

"ಏನ್ ಬರೆದ್ರಿ? ಎಲ್ರೂ ಕೂಸ್ನ ಒಡ್ದೆ ಒಡ್ದೆ ಅಂತಾರೆ. ನಂಗ್ ಓದಕ್ ಬರಲ್ಲ. ತೋರ್ಸಿ."

ಜೇಬಿನಿಂದ ಪುಸ್ತಕ ತೆಗೆದು ಒಂದರ ಕೆಳಗೊಂದು ಬರೆದೆ. ಒಡೆದುಬಿಟ್ಟೆ. ಹೊಡೆದುಬಿಟ್ಟೆ. ಇದು ನೀನು ಹೇಳಿದ್ದು, ಇದು ನಾನು ಬರೆದದ್ದು ಎಂದು ಪೆನ್ನಿನಿಂದ ತೋರಿಸಿದೆ. ಅವಳು ಹುಣಸೆಯ ಅಂಟು ಹಿಡಿದ ಬೆರಳನ್ನು ಸೀರೆಗೆ ಒರೆಸಿಕೊಂಡು, ಎರಡು ಸಾಲನ್ನೂ ಮೇಲಿಂದ ಕೆಳಕ್ಕೆ ತಾಳೆ ನೋಡಿದಳು. ಓದಲು ಬಾರದಿದ್ದರೂ ಎಲ್ಲಿ ಬೇರೆಯಾಗಿದೆ ಎಂಬುದು ಅವಳಿಗೆ ಸಿಕ್ಕಿತು. ಮೊದಲಕ್ಷರದ ಮೇಲೆ ಬೆರಳಿಟ್ಟಳು.

"ಇದೊಂದೇನಾ?"

"ಅದೊಂದೇ" ಎಂದೆ. ಆಗಲಾದರೂ ಸುಮ್ಮನಿರಬಾರದಿತ್ತೆ? ಹಾಳು ಅಭ್ಯಾಸ, ಅವಳಿಗೆ ಪಾಠ ಹೇಳಲು ಹೊರಟೆ. ಅದು ಹಕಾರ, ನಾವು ಮಾತಾಡುವಾಗ ಬಿಟ್ಟುಬಿಡುತ್ತೇವೆ, ಬರೆಯುವಾಗ ಹಾಕಬೇಕಾಗುತ್ತದೆ, ಇಲ್ಲದಿದ್ದರೆ ಬೆಂಗಳೂರಿನವರು ನಗುತ್ತಾರೆ ಎಂದೆಲ್ಲ ಹೇಳಿದೆ. ಅವಳು ಬೆರಳು ತೆಗೆಯದೆ ಕೇಳಿಸಿಕೊಂಡಳು. ಬೆರಳು ತೆಗೆದಾಗ ಅಕ್ಷರದ ಮೇಲೆ ಹುಣಸೆಯ ಕಲೆ ಉಳಿಯಿತು.

"ನಮ್ ಬಾಯಾಗೆ ಇದು ಇಲ್ಲ" ಎಂದಳು. "ನಿಮ್ ಬಾಯಾಗೂ ಇರ್ಲಿಲ್ಲ ಅಲ್ವಾ, ನೀವೂ ಈ ಕಡೆಯೋರೇ. ಮತ್ತೆ ನನ್ ಮಾತ್ಗೆ ಎಲ್ಲಿಂದ ತಂದ್ ಆಕಿದ್ರಿ ಸಾರ್?"